ಮಾನಿಟರ್ ಹತ್ತವಲ್ದು

2001ರಲ್ಲಿ ಜಮೀನಿನ ದಾಖಲೆಗಳನ್ನು ಕಂಪ್ಯೂಟರಿಗೆ ತಂದ ‘ಭೂಮಿ’ ಯೋಜನೆ ಕರ್ನಾಟಕದ ತಾಲ್ಲೂಕು ಕಚೇರಿಗಳಿಗೆ ಬಂದಾಗ, ಕಿಟಕಿಯ ಆಚೆ ಕೂತ ನೌಕರನ ಮುಂದೆ ಒಂದು ಮಾನಿಟರ್ ಇತ್ತು. ಕಿಟಕಿಯ ಈಚೆ ನಿಂತ ರೈತನ ಕಡೆಗೆ ಮುಖ ಮಾಡಿದ ಇನ್ನೊಂದು ಇತ್ತು. ಯಾವ ಸರ್ವೆ ನಂಬರು, ಯಾರ ಹೆಸರು, ಎಷ್ಟು ಎಕರೆ, ಎಷ್ಟು ಗುಂಟೆ ಎಂಬುದು ಉತಾರದಲ್ಲಿ (ಪಹಣಿಯಲ್ಲಿ) ಅಚ್ಚಾಗುವ ಮೊದಲೇ ಜಮೀನಿನ ಒಡೆಯನ ಕಣ್ಣಿಗೆ ಬೀಳಲಿ ಎಂದೇ ಆ ಎರಡನೆಯ ಪರದೆಯನ್ನು ಇಟ್ಟಿದ್ದರು. 177 ತಾಲ್ಲೂಕುಗಳ ಸುಮಾರು 2 ಕೋಟಿ ದಾಖಲೆಗಳು, 67 ಲಕ್ಷ ರೈತರು, ಆಗ ಒಂದು ಉತಾರಕ್ಕೆ 15 ರೂಪಾಯಿ. ಬಾಗಲಕೋಟೆ ಜಿಲ್ಲೆಯ ಮುಧೋಳ, ಜಮಖಂಡಿ, ಬೀಳಗಿ ಆ 177ರೊಳಗಿದ್ದವು. ರಬಕವಿ-ಬನಹಟ್ಟಿ ಆಗಿನ್ನೂ ಜಮಖಂಡಿ ತಾಲ್ಲೂಕಿನ ಭಾಗವಾಗಿತ್ತು.

ಆ ಪರದೆ ಕಪ್ಪಾದರೆ ಒಳಗಿನ ಕಂಪ್ಯೂಟರ್ ಎಷ್ಟೇ ಚೆನ್ನಾಗಿ ಓಡುತ್ತಿದ್ದರೂ ರೈತನ ಪಾಲಿಗೆ ಅದು ಇಲ್ಲದಂತೆಯೇ. ಈಗ ಇಂಥ ಪರದೆಗಳು ಎಲ್ಲೆಡೆ ಇವೆ. ಕಬ್ಬಿನ ಗಾಡಿ ತೂಗುವ ಕಾಟಾದ ಕೋಣೆಯಲ್ಲಿ, ಬನಹಟ್ಟಿಯ ಸೀರೆ ವ್ಯಾಪಾರಿಯ ಲೆಕ್ಕದ ಮೇಜಿನ ಮೇಲೆ, ಮಹಾಲಿಂಗಪುರದ ಬೆಲ್ಲದ ಅಡತಿಯಲ್ಲಿ, ಹಳ್ಳಿಯ ಗ್ರಾಮ ಒನ್ ಕೇಂದ್ರದಲ್ಲಿ, ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ. ರಿಪೇರಿ ಅಂಗಡಿಗೆ ಬರುವ ದೂರು ಮಾತ್ರ ಎಲ್ಲ ಕಡೆಯಿಂದಲೂ ಒಂದೇ: ಮಾನಿಟರ್ ಹತ್ತವಲ್ದು.

ಈ ಎರಡು ಪದಗಳ ಹಿಂದೆ ಒಂದಕ್ಕೊಂದು ಸಂಬಂಧವಿಲ್ಲದ ಹಲವು ಕಾಯಿಲೆಗಳಿರುತ್ತವೆ. ಕೆಲವೊಮ್ಮೆ ವಿದ್ಯುತ್ತು ಮಾನಿಟರನ್ನು ಮುಟ್ಟಿಯೇ ಇರುವುದಿಲ್ಲ. ಕೆಲವೊಮ್ಮೆ ಮುಟ್ಟಿರುತ್ತದೆ, ಆದರೆ ಒಳಗಿನ ಪವರ್ ಬೋರ್ಡ್ ಅದನ್ನು ಬೇಕಾದ ರೂಪಕ್ಕೆ ತಿರುಗಿಸುತ್ತಿಲ್ಲ. ಇನ್ನು ಕೆಲವೊಮ್ಮೆ ಎಲ್ಲವೂ ಸರಿಯಿದೆ, ಚಿತ್ರವೂ ಮೂಡಿದೆ, ಹಿಂದಿನ ದೀಪ ಮಾತ್ರ ಆರಿದೆ. ಹೊಸ ಮಾನಿಟರಿಗೆ ಹಣ ಕೊಡುವ ಮೊದಲು ಇವುಗಳಲ್ಲಿ ಯಾವುದು ಎಂದು ತಿಳಿಯಬೇಕು. ಅದನ್ನು ತಿಳಿಯುವ ದಾರಿ ಕಷ್ಟದ್ದಲ್ಲ. ಹೊಲದ ಕೊನೆಯ ಸಾಲಿಗೆ ನೀರು ಬರದಿದ್ದಾಗ ರೈತ ಬದುವಿನ ಮೇಲೆ ಹಿಂದಕ್ಕೆ ನಡೆಯುತ್ತ, ನೀರು ಎಲ್ಲಿಯವರೆಗೆ ಬಂದಿದೆ ಎಂದು ನೋಡುತ್ತಾನಲ್ಲ, ಇಲ್ಲಿ ಬೇಕಾದದ್ದೂ ಅದೇ ನಡಿಗೆ.

ನಡಿಗೆ ಗೋಡೆಯ ಸಾಕೆಟ್‌ನಿಂದ ಶುರುವಾಗಲಿ. ಇಲ್ಲಿಯೇ ಮೊದಲ ಮೋಸವಿದೆ. ನಮ್ಮಲ್ಲಿ ಎಲ್ಲರ ಜೇಬಿನಲ್ಲೂ ಇರುವ ಟೆಸ್ಟರ್ ಒಳಗೆ ಒಂದು ನಿಯಾನ್ ಬಲ್ಬ್, ಅದರ ಜೊತೆ ಸುಮಾರು 10 ಲಕ್ಷ ಓಮ್‌ನ ರೆಸಿಸ್ಟರ್ ಇರುತ್ತದೆ. ಫೇಸ್ ತಂತಿಗೆ ತಾಗಿಸಿದಾಗ ಮಿಲಿಆಂಪಿಯರ್‌ನ ಕಾಲು ಭಾಗದಷ್ಟೂ ಇಲ್ಲದ ಕರೆಂಟು ಹಿಡಿದವನ ಮೈ ಮೂಲಕ ನೆಲಕ್ಕೆ ಹೋಗಿ ಬಲ್ಬ್ ಮಿನುಗುತ್ತದೆ. ಅದು ಹೇಳುವುದು ಫೇಸ್ ಇದೆ ಎಂದಷ್ಟೇ. ನ್ಯೂಟ್ರಲ್ ತುಂಡಾಗಿದ್ದರೂ ಟೆಸ್ಟರ್ ಹಾಗೆಯೇ ಹೊಳೆಯುತ್ತದೆ. ಮಾನಿಟರ್ ಮಾತ್ರ ಹತ್ತುವುದಿಲ್ಲ. ಆದ್ದರಿಂದ ಅದೇ ಸಾಕೆಟ್‌ಗೆ ಮೊಬೈಲ್ ಚಾರ್ಜರ್ ಇಲ್ಲವೇ ಟೇಬಲ್ ದೀಪ ಹಾಕಿ ನೋಡುವುದು ಟೆಸ್ಟರ್‌ಗಿಂತ ನಂಬಲರ್ಹ ಪರೀಕ್ಷೆ. ಎಕ್ಸ್‌ಟೆನ್ಶನ್ ಬೋರ್ಡ್ ಇದ್ದರೆ ಅದನ್ನು ಬದಿಗಿಟ್ಟು ನೇರ ಗೋಡೆಗೆ ಹಾಕಬೇಕು. ಅಗ್ಗದ ಬೋರ್ಡ್‌ಗಳ ಹಿತ್ತಾಳೆ ಎಲೆಗಳು ಕಾಲ ಕಳೆದಂತೆ ಸಡಿಲಾಗಿ, ಪಿನ್ ಒಳಗೆ ಹೋದರೂ ಗಟ್ಟಿಯಾಗಿ ಹಿಡಿಯುವುದಿಲ್ಲ.

ಮುಂದಿನದು ಕೇಬಲ್. ಹೆಚ್ಚಿನ ಮಾನಿಟರ್‌ಗಳಿಗೂ ಡೆಸ್ಕ್‌ಟಾಪ್ ಕಂಪ್ಯೂಟರಿಗೂ ಒಂದೇ ಬಗೆಯ ಮೂರು ಪಿನ್ನಿನ ಪವರ್ ಕಾರ್ಡ್ ಆಗುತ್ತದೆ. ಸಿಪಿಯು ಓಡುತ್ತಿದ್ದರೆ ಅದರ ಕಾರ್ಡ್ ತೆಗೆದು ಮಾನಿಟರಿಗೆ ಹಾಕಿ ನೋಡಲು ಒಂದು ನಿಮಿಷವೂ ಬೇಡ. ಖರ್ಚಿಲ್ಲದ ಈ ಪರೀಕ್ಷೆಯನ್ನು ಮಾಡದೆ ಮಾನಿಟರನ್ನೇ ಹೊತ್ತು ಅಂಗಡಿಗೆ ಬರುವವರಿದ್ದಾರೆ. ಅಡಾಪ್ಟರ್ ಮೇಲೆ ನಡೆಯುವ ತೆಳು ಮಾನಿಟರ್ ಆದರೆ ಅಡಾಪ್ಟರ್‌ನ ತುದಿಯಲ್ಲಿ ಮಲ್ಟಿಮೀಟರ್ ಇಟ್ಟು, ಅದರ ಮೈಮೇಲೆ ಅಚ್ಚಾದ 12 ಅಥವಾ 19 ವೋಲ್ಟ್ ಬರುತ್ತಿದೆಯೇ ಎಂದು ನೋಡಬೇಕು.

ಹೊರಗಿನ ವಿದ್ಯುತ್ತು ಸರಿಯಿದ್ದರೆ ಮಾನಿಟರ್ ಮುಂಭಾಗದ ಸಣ್ಣ ದೀಪ ಮಾತಾಡುತ್ತದೆ. ಕಿತ್ತಳೆ ಬಣ್ಣ ಅಥವಾ ನಿಧಾನವಾಗಿ ಮಿಟುಕುವ ದೀಪ ಬಹುಪಾಲು ಮಾದರಿಗಳಲ್ಲಿ ನಿದ್ರೆಯ ಸೂಚನೆ: ಮಾನಿಟರ್ ಜೀವಂತವಿದೆ, ಕಂಪ್ಯೂಟರ್‌ನಿಂದ ಸಂಕೇತ ಬಂದಿಲ್ಲ. ಆಗ ಎಚ್‌ಡಿಎಂಐ ಅಥವಾ ವಿಜಿಎ ಕೇಬಲ್ಲನ್ನು ಮಾನಿಟರಿನ ಬೆನ್ನಿನಿಂದ ಕಿತ್ತು ಪವರ್ ಗುಂಡಿ ಒತ್ತಬೇಕು. ಒಳ್ಳೆಯ ಮಾನಿಟರ್ ಒಬ್ಬಂಟಿಯಾಗಿದ್ದರೂ ಸಂಕೇತ ಇಲ್ಲವೆಂದೋ ಕೇಬಲ್ ಹಾಕಿಲ್ಲವೆಂದೋ ತಾನೇ ಒಂದು ಸಾಲು ಬರೆದು ತೋರಿಸುತ್ತದೆ. ಆ ಸಾಲು ಕಂಡರೆ ತಪ್ಪು ಮಾನಿಟರಿನದಲ್ಲ. ಹುಡುಕಾಟ ಕಂಪ್ಯೂಟರ್ ಕಡೆಗೆ ಹೊರಳಬೇಕು.

ದೀಪ ಉರಿಯುತ್ತಿದೆ, ಸಾಲು ಕಾಣುತ್ತಿಲ್ಲ ಎಂದರೆ ಕೋಣೆ ಕತ್ತಲು ಮಾಡಿ ಮೊಬೈಲ್ ಟಾರ್ಚನ್ನು ಪರದೆಗೆ ಓರೆಯಾಗಿ ಹಿಡಿಯಬೇಕು. ಮಸುಕಾಗಿ ಅಕ್ಷರಗಳೋ ಚಿತ್ರವೋ ಕಂಡರೆ ಕೆಟ್ಟಿರುವುದು ಬೆಳಕು, ಪರದೆಯಲ್ಲ. ಎಲ್‌ಸಿಡಿ ತಾನಾಗಿ ಹೊಳೆಯುವ ವಸ್ತುವೇ ಅಲ್ಲ. ಗಾಜಿನ ಎರಡು ಹಾಳೆಗಳ ನಡುವಿನ ದ್ರವ ಸ್ಫಟಿಕದ ಅಣುಗಳು ವೋಲ್ಟೇಜಿಗೆ ತಕ್ಕಂತೆ ತಿರುಗಿ, ಹಿಂದಿನಿಂದ ಬರುವ ಬೆಳಕನ್ನು ಬಿಡುತ್ತವೆ ಇಲ್ಲವೇ ತಡೆಯುತ್ತವೆ, ಅಷ್ಟೇ. ಹಳೆಯ ಮಾನಿಟರ್‌ಗಳಲ್ಲಿ ಆ ಬೆಳಕು ಪೆನ್ಸಿಲ್‌ಗಿಂತ ತೆಳ್ಳಗಿನ ಟ್ಯೂಬ್‌ಲೈಟ್‌ಗಳಿಂದ ಬರುತ್ತಿತ್ತು, ಅವುಗಳಿಗೆ ನೂರಾರು ವೋಲ್ಟ್ ಕೊಡಲು ಇನ್ವರ್ಟರ್ ಎಂಬ ಪುಟ್ಟ ಬೋರ್ಡ್ ಇರುತ್ತಿತ್ತು. ಚಿತ್ರ ಎರಡು ಸೆಕೆಂಡು ಮಿಂಚಿ ಆರಿಹೋಗುವ ಕಾಯಿಲೆ ಅವುಗಳದ್ದೇ. ಒಂದು ಟ್ಯೂಬ್ ಸವೆದರೂ ಇನ್ವರ್ಟರ್ ಅಪಾಯವೆಂದು ಬಗೆದು ಎಲ್ಲವನ್ನೂ ಆರಿಸಿಬಿಡುತ್ತದೆ. ಈಗಿನವುಗಳಲ್ಲಿ ಎಲ್‌ಇಡಿ ಪಟ್ಟಿಗಳಿವೆ.

ಈ ದ್ರವ ಸ್ಫಟಿಕದ ಕಥೆಯಲ್ಲಿ ಬೆಂಗಳೂರಿಗೂ ದೊಡ್ಡ ಪಾಲಿದೆ ಎಂಬುದನ್ನು ಇಲ್ಲಿ ಹೇಳದೆ ಮುಂದೆ ಹೋಗಲಾಗದು. 1977ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್ ಮತ್ತು ಸಂಗಡಿಗರು ಬಿಲ್ಲೆಯಾಕಾರದ ಅಣುಗಳೂ ದ್ರವ ಸ್ಫಟಿಕವಾಗಬಲ್ಲವು ಎಂದು ತೋರಿಸಿದರು. ಅಲ್ಲಿಯವರೆಗೆ ಕಡ್ಡಿಯಂಥ ಅಣುಗಳಿಗಷ್ಟೇ ಆ ಗುಣವಿದೆ ಎಂದು ನಂಬಲಾಗಿತ್ತು. 1990ರ ದಶಕದಲ್ಲಿ ಜಪಾನಿನ ಫ್ಯೂಜಿಫಿಲ್ಮ್ ಅದೇ ಬಿಲ್ಲೆ ಅಣುಗಳಿಂದ ತೆಳುಪೊರೆ ಮಾಡಿ ಎಲ್‌ಸಿಡಿ ಪರದೆಗಳ ಮೇಲೆ ಹಾಕಿತು. ಪಕ್ಕದಿಂದ ನೋಡಿದರೂ ಚಿತ್ರ ಬಣ್ಣಗೆಡದಂತಾಯಿತು. ಮುಧೋಳದ ಅಂಗಡಿಯಲ್ಲಿ ಬೋರಲು ಮಲಗಿ ರಿಪೇರಿಗೆ ಕಾದಿರುವ ಹಳೆಯ ಮಾನಿಟರ್‌ಗಳಲ್ಲೂ ಆ ಪೊರೆ ಇರಬಹುದು.

ಈಗ ಕಷ್ಟದ ಪ್ರಕರಣ. ಸಾಕೆಟ್ ಸರಿ, ಕಾರ್ಡ್ ಸರಿ, ಮುಂದಿನ ದೀಪ ಮಾತ್ರ ಸತ್ತಿದೆ. ಒಮ್ಮೆ ಪ್ಲಗ್ ಕಿತ್ತು ಹತ್ತು ನಿಮಿಷ ಬಿಟ್ಟು ಮತ್ತೆ ಹಾಕಿ ನೋಡಬೇಕು. ವೋಲ್ಟೇಜ್ ಎಗರಿದಾಗ ಕೆಲವು ಪವರ್ ಬೋರ್ಡ್‌ಗಳ ರಕ್ಷಣಾ ಮಂಡಲ ತನಗೆ ತಾನೇ ಬೀಗ ಹಾಕಿಕೊಳ್ಳುತ್ತದೆ. ಒಳಗಿನ ಚಾರ್ಜು ಇಳಿದ ಮೇಲೆ ಬೀಗ ತೆರೆಯುತ್ತದೆ. ಅದಕ್ಕೂ ಹತ್ತದಿದ್ದರೆ ಮಾನಿಟರ್ ಬಿಚ್ಚಬೇಕು, ಮತ್ತು ಆ ಕೆಲಸ ಬಲ್ಲವರ ಕೈಯಲ್ಲಿರಬೇಕು. ಕಾರಣ ಒಳಗೆ ಕಾದಿದೆ.

ಗೋಡೆಯ 230 ವೋಲ್ಟ್ ಎಂಬುದು ಒಂದು ಬಗೆಯ ಸರಾಸರಿ. ಸೆಕೆಂಡಿಗೆ 50 ಸಲ ಏರಿಳಿಯುವ ಆ ಅಲೆಯ ತುದಿ 325 ವೋಲ್ಟ್ ಮುಟ್ಟುತ್ತದೆ. ಪವರ್ ಬೋರ್ಡ್‌ನ ನಾಲ್ಕು ಡಯೋಡ್‌ಗಳು ಅಲೆಯನ್ನು ಒಂದೇ ದಿಕ್ಕಿಗೆ ತಿರುಗಿಸಿ ದೊಡ್ಡ ಕೆಪ್ಯಾಸಿಟರ್ ಒಂದರಲ್ಲಿ ತುಂಬುತ್ತವೆ. 100 ಮೈಕ್ರೊಫ್ಯಾರಡ್‌ನ ಕೆಪ್ಯಾಸಿಟರ್ 325 ವೋಲ್ಟಿನಲ್ಲಿ ಸುಮಾರು 5 ಜೂಲ್ ಶಕ್ತಿ ಹಿಡಿದಿಡುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಸ್ವಲ್ಪ ಹೊತ್ತು, ಬೋರ್ಡ್ ಕೆಟ್ಟಿದ್ದರೆ ಬಹಳ ಹೊತ್ತು ಉಳಿದಿರಬಹುದು. ಅನುಭವಿ ಮೆಕ್ಯಾನಿಕ್ ಮೊದಲು ರೆಸಿಸ್ಟರ್ ಮೂಲಕ ಅದನ್ನು ಖಾಲಿ ಮಾಡಿ, ಮೀಟರ್ ಇಟ್ಟು ಸೊನ್ನೆ ಕಂಡ ಮೇಲೇ ಬೆರಳು ಹಾಕುತ್ತಾನೆ. ಹಳೆಯ ಡಬ್ಬಿ ಮಾನಿಟರ್‌ಗಳ ಚಿತ್ರನಳಿಗೆಯಲ್ಲಂತೂ 20 ಸಾವಿರ ವೋಲ್ಟಿಗೂ ಮೀರಿದ ಚಾರ್ಜಿರುತ್ತಿತ್ತು. ಅವನ್ನು ಮನೆಯಲ್ಲಿ ಬಿಚ್ಚಲೇಬಾರದು.

ಕೆಪ್ಯಾಸಿಟರ್‌ಗಿಂತ ಮುಂಚೆ, ಬಾಗಿಲಲ್ಲೇ, ಎರಡು ಕಾವಲು ಬಿಡಿಭಾಗಗಳಿವೆ. ಒಂದು ಫ್ಯೂಸ್. ಇನ್ನೊಂದು ಬಿಲ್ಲೆಯಂಥ ವೇರಿಸ್ಟರ್, ಸತುವಿನ ಆಕ್ಸೈಡ್‌ನ ಪಿಂಗಾಣಿ. 1960ರ ದಶಕದ ಕೊನೆಯಲ್ಲಿ ಜಪಾನಿನ ಮತ್ಸುಶಿತ ಕಂಪನಿಯ ಮಿಚಿಯೊ ಮತ್ಸುವೊಕ ಇದನ್ನು ರೂಪಿಸಿದರು. ಸಾಮಾನ್ಯ ವೋಲ್ಟೇಜಿನಲ್ಲಿ ಅದು ಕರೆಂಟನ್ನು ಬಿಡುವುದೇ ಇಲ್ಲ. ಮಿತಿ ದಾಟಿದ ಕೂಡಲೇ ಬಾಗಿಲು ತೆರೆದು ಎಗರಿ ಬಂದದ್ದನ್ನು ತಾನೇ ನುಂಗುತ್ತದೆ. ಸಿಡಿಲಿನ ಕ್ಷಣಿಕ ಎಗರನ್ನು ಹೀಗೆ ತಡೆಯಬಲ್ಲದು. ಎಗರು ನಿಮಿಷಗಟ್ಟಲೆ ನಿಂತರೆ ಬಿಸಿಯಾಗಿ, ಕರಕಾಗಿ, ಶಾರ್ಟ್ ಆಗಿ, ಫ್ಯೂಸನ್ನು ಸುಡುತ್ತದೆ. ಬಿಚ್ಚಿದ ಬೋರ್ಡಿನಲ್ಲಿ ಒಡೆದ ಕಪ್ಪು ಬಿಲ್ಲೆ ಕಂಡರೆ ಅಲ್ಲಿ ನಡೆದದ್ದು ಅದೇ.

ನಿಮಿಷಗಟ್ಟಲೆ ನಿಲ್ಲುವ ಎಗರು ಎಲ್ಲಿಂದ ಬರುತ್ತದೆ? ಈ ಭಾಗದ ಜನ ಸಾಮಾನ್ಯವಾಗಿ ‘ಲೋ ವೋಲ್ಟೇಜ್’ ಅನ್ನು ದೂರುತ್ತಾರೆ. ಕಬ್ಬಿನ ಹೊಲಗಳ ಪಂಪ್‌ಸೆಟ್‌ಗಳು, ರಬಕವಿ-ಬನಹಟ್ಟಿಯ ವಿದ್ಯುತ್ ಮಗ್ಗಗಳು ಶುರುವಾದಾಗ ಮೋಟಾರುಗಳು ತಮ್ಮ ಮಾಮೂಲಿ ಕರೆಂಟಿನ ಐದಾರು ಪಟ್ಟು ಎಳೆಯುವುದರಿಂದ ದೀಪ ಮಂಕಾಗುವುದು ಎಲ್ಲರೂ ಕಂಡದ್ದು. ಅದು ಫ್ರಿಜ್ಜಿಗೆ, ಪಂಪಿಗೆ ಕೆಟ್ಟದ್ದು ನಿಜ. ಮಾನಿಟರಿಗೆ ಅಷ್ಟು ಕೆಟ್ಟದ್ದಲ್ಲ. ಅದರ ಪವರ್ ಬೋರ್ಡ್ 100ರಿಂದ 240 ವೋಲ್ಟ್‌ವರೆಗೆ ಯಾವುದು ಸಿಕ್ಕರೂ ಕೆಲಸ ಮಾಡುವಂತೆ ಕಟ್ಟಿದ್ದು; ವೋಲ್ಟೇಜ್ ಇಳಿದರೆ ಸ್ವಲ್ಪ ಹೆಚ್ಚು ಕರೆಂಟು ಎಳೆದು ಸರಿದೂಗಿಸಿಕೊಳ್ಳುತ್ತದೆ. ಮಾನಿಟರನ್ನು ಕೊಲ್ಲುವುದು ಏರಿದ ವೋಲ್ಟೇಜ್. ಅದರ ಅತಿ ಕ್ರೂರ ರೂಪವೆಂದರೆ ಕಂಬದ ಮೇಲೆ ಸಡಿಲಾದ ನ್ಯೂಟ್ರಲ್.

ಓಣಿಯ ಕಂಬಕ್ಕೆ ಮೂರು ಫೇಸ್ ತಂತಿ, ಒಂದು ನ್ಯೂಟ್ರಲ್ ಬರುತ್ತವೆ. ಮನೆ ಮನೆಗೆ ಒಂದು ಫೇಸ್ ಹಂಚಿ, ನ್ಯೂಟ್ರಲ್ ಎಲ್ಲರಿಗೂ ಒಂದೇ. ಫೇಸಿಗೂ ನ್ಯೂಟ್ರಲಿಗೂ ನಡುವೆ 230 ವೋಲ್ಟ್, ಎರಡು ಫೇಸ್‌ಗಳ ನಡುವೆ ಸುಮಾರು 400. ನ್ಯೂಟ್ರಲ್ ಜೋಡಣೆ ಗಾಳಿಗೋ ತುಕ್ಕಿಗೋ ಬಿಟ್ಟುಹೋದರೆ ಬೇರೆ ಬೇರೆ ಫೇಸಿನ ಎರಡು ಮನೆಗಳು ಆ 400 ವೋಲ್ಟಿಗೆ ಒಂದರ ಹಿಂದೊಂದು ಸರಣಿಯಾಗಿ ನಿಲ್ಲುತ್ತವೆ. ಲೆಕ್ಕ ಹಾಕಿ ನೋಡೋಣ. ಒಂದು ಮನೆಯಲ್ಲಿ 1,000 ವಾಟಿನ ಇಸ್ತ್ರಿ ಪೆಟ್ಟಿಗೆ ಇದೆ, ಅದರ ರೋಧ ಸುಮಾರು 53 ಓಮ್. ಇನ್ನೊಂದರಲ್ಲಿ ಒಟ್ಟು 100 ವಾಟಿನಷ್ಟೇ ಬಳಕೆ, ಅಂದರೆ ಸುಮಾರು 530 ಓಮ್. 400 ವೋಲ್ಟ್ ಇವುಗಳ ನಡುವೆ ಹಂಚಿಕೆಯಾದಾಗ ಇಸ್ತ್ರಿಯ ಮನೆಗೆ 36 ವೋಲ್ಟ್, ಕಡಿಮೆ ಬಳಸುವ ಮನೆಗೆ 364! ನಿಜವಾದ ಓಣಿಯಲ್ಲಿ ಮನೆಗಳು ಹತ್ತಾರು ಇರುವುದರಿಂದ ಲೆಕ್ಕ ಇಷ್ಟು ಸರಳವಲ್ಲ, ಆದರೆ ಪೆಟ್ಟು ಬೀಳುವ ದಿಕ್ಕು ಇದೇ. ಮಿತವಾಗಿ ಬಳಸುವ ಮನೆಯ ಉಪಕರಣಗಳೇ ಸುಡುತ್ತವೆ. 364 ವೋಲ್ಟಿನ ಅಲೆಯ ತುದಿ 515. ದೊಡ್ಡ ಕೆಪ್ಯಾಸಿಟರ್ ತಡೆಯಬಲ್ಲದ್ದು 400 ಅಥವಾ 450.

ಆದ್ದರಿಂದ ಒಂದು ಮನೆಯ ಬಲ್ಬ್ ಮಂಕಾಗಿ, ಪಕ್ಕದ ಮನೆಯದು ಎಂದಿಗಿಂತ ಪ್ರಖರವಾಗಿ ಉರಿದರೆ ಮೊದಲು ಮೇನ್ ಸ್ವಿಚ್ ಆರಿಸಬೇಕು, ಆಮೇಲೆ 1912ಕ್ಕೆ ಫೋನ್ ಮಾಡಬೇಕು. ಸ್ಟೆಬಿಲೈಸರ್ ಕೊಳ್ಳುವವರು ಅದು ಎಷ್ಟು ಕೆಳಗಿನ ವೋಲ್ಟೇಜಿನವರೆಗೆ ಎತ್ತುತ್ತದೆ ಎಂದು ಕೇಳುತ್ತಾರೆ; ಎಷ್ಟು ಮೇಲಕ್ಕೆ ಹೋದಾಗ ಕಡಿತ ಮಾಡುತ್ತದೆ ಎಂದು ಕೇಳುವುದು ಮಾನಿಟರಿನ ಆಯುಷ್ಯಕ್ಕೆ ಹೆಚ್ಚು ಮುಖ್ಯ.

ಸುಟ್ಟ ಫ್ಯೂಸ್ ಬದಲಿಗೆ ತಂತಿಯ ಎಳೆ ಬೆಸೆದು, ಒಡೆದ ವೇರಿಸ್ಟರ್ ಕಿತ್ತೆಸೆದು ಮಾನಿಟರ್ ಹತ್ತಿಸಿಕೊಡುವವರೂ ಇದ್ದಾರೆ. ಹತ್ತುತ್ತದೆ, ಆದರೆ ಮುಂದಿನ ಎಗರಿಗೆ ಬೆಂಕಿ ಹಿಡಿಯಲು ಅಡ್ಡಿಯೇ ಇಲ್ಲದಂತಾಗುತ್ತದೆ. ಇದು ರಿಪೇರಿಯಲ್ಲ. ಎರಡೂ ಬಿಡಿಭಾಗಗಳು ಕೆಲವೇ ರೂಪಾಯಿಗಳವು, ಅದೇ ಅಳತೆಯವನ್ನೇ ಹಾಕಿಸಿಕೊಳ್ಳಬೇಕು.

ಎಗರಿಲ್ಲದೆ, ಸದ್ದಿಲ್ಲದೆ ಸಾಯುವ ಮಾನಿಟರ್‌ಗಳ ಕಾರಣ ಬೇರೆ: ಬಿಸಿಲು. ಎಲೆಕ್ಟ್ರೊಲಿಟಿಕ್ ಕೆಪ್ಯಾಸಿಟರ್ ಒಳಗೆ ಅಲ್ಯುಮಿನಿಯಂ ಹಾಳೆಗಳ ಸುರುಳಿ, ಅದರ ನಡುವೆ ದ್ರವದಲ್ಲಿ ನೆನೆದ ಕಾಗದ ಇರುತ್ತದೆ. ಆ ದ್ರವ ಆರಿದಂತೆ ಕೆಪ್ಯಾಸಿಟರ್ ಸೋಲುತ್ತದೆ. ತಾಪ ಹೆಚ್ಚಿದಂತೆ ರಾಸಾಯನಿಕ ಕ್ರಿಯೆಯ ವೇಗ ಏರುವ ಬಗೆಯನ್ನು 1889ರಲ್ಲಿ ಸ್ವೀಡನ್ನಿನ ಸ್ವಾಂಟೆ ಅರ್ಹೇನಿಯಸ್ ಸೂತ್ರವಾಗಿಸಿದ್ದರು. ಕೆಪ್ಯಾಸಿಟರ್ ತಯಾರಕರು ಅದರಿಂದ ಬಂದ ಸರಳ ಲೆಕ್ಕ ಬಳಸುತ್ತಾರೆ: ಪ್ರತಿ 10 ಡಿಗ್ರಿ ಏರಿಕೆಗೆ ಆಯುಷ್ಯ ಅರ್ಧ. 105 ಡಿಗ್ರಿಯಲ್ಲಿ 2,000 ಗಂಟೆ ಬಾಳುವ ಕೆಪ್ಯಾಸಿಟರ್ 60 ಡಿಗ್ರಿಯಲ್ಲಿ ಸುಮಾರು 45,000 ಗಂಟೆ, 75 ಡಿಗ್ರಿಯಲ್ಲಿ 16,000 ಗಂಟೆ ಬಾಳುತ್ತದೆ. ಮಾನಿಟರಿನ ಒಳಗು ಕೋಣೆಗಿಂತ 35 ಡಿಗ್ರಿ ಹೆಚ್ಚು ಬಿಸಿ ಎಂದಿಟ್ಟುಕೊಂಡರೆ ಮೊದಲನೆಯದು 25 ಡಿಗ್ರಿಯ ತಂಪು ಕೋಣೆ, ಎರಡನೆಯದು 40 ದಾಟುವ ಬೇಸಿಗೆಯ ಮುಧೋಳದ ತಗಡಿನ ಸೂರು. ದಿನಕ್ಕೆ 8 ಗಂಟೆ, ವರ್ಷಕ್ಕೆ 300 ದಿನ ಓಡಿದರೆ ಅಲ್ಲಿ 18 ವರ್ಷಕ್ಕೂ ಹೆಚ್ಚು, ಇಲ್ಲಿ ಏಳು ವರ್ಷವೂ ಇಲ್ಲ. ವರ್ಷವಿಡೀ ಬೇಸಿಗೆಯಲ್ಲ, ಹಾಗಾಗಿ ನಿಜದ ಆಯುಷ್ಯ ಇವೆರಡರ ನಡುವೆ ಎಲ್ಲೋ ಇರುತ್ತದೆ. ಮಗ್ಗದ ಮನೆಯಲ್ಲಿ ತೇಲುವ ಹತ್ತಿಯ ಧೂಳು ಮಾನಿಟರಿನ ಬೆನ್ನಿನ ಕಿಂಡಿಗಳನ್ನು ಮುಚ್ಚಿದರೆ ಒಳಗಿನ ತಾಪ ಇನ್ನೂ ಏರುತ್ತದೆ. ತಿಂಗಳಿಗೊಮ್ಮೆ ಮೆದು ಬ್ರಷ್ ಆಡಿಸುವುದು ಈ ಲೆಕ್ಕದಲ್ಲಿ ವರ್ಷಗಳನ್ನೇ ಉಳಿಸಬಲ್ಲದು.

ಬಿಸಿಲಷ್ಟೇ ಅಲ್ಲ, ಕಳಪೆ ದ್ರವವೂ ಒಂದು ಕಾಲದಲ್ಲಿ ಜಗತ್ತಿನಾದ್ಯಂತ ಹಾವಳಿ ಮಾಡಿತು. 1999ರಿಂದ 2007ರ ನಡುವೆ ಬಂದ ಬಹಳಷ್ಟು ಕೆಪ್ಯಾಸಿಟರ್‌ಗಳಲ್ಲಿ ಅಲ್ಯುಮಿನಿಯಮ್ಮನ್ನು ಕಾಪಾಡುವ ರಾಸಾಯನಿಕಗಳು ಸರಿಯಿರಲಿಲ್ಲ. ನೀರು ಲೋಹದೊಡನೆ ವರ್ತಿಸಿ ಜಲಜನಕ ಹುಟ್ಟಿ, ಡಬ್ಬಿಯ ನೆತ್ತಿ ಉಬ್ಬಿ, ಕಂದು ದ್ರವ ಸೋರುತ್ತಿತ್ತು. ಕೆಟ್ಟ ಕಂಪ್ಯೂಟರ್‌ಗಳನ್ನು ಸರಿಪಡಿಸಲು ಡೆಲ್ ಕಂಪನಿ 2005ರಲ್ಲಿ 30 ಕೋಟಿ ಡಾಲರ್ ತೆಗೆದಿರಿಸಬೇಕಾಯಿತು. ಇಂದಿಗೂ ಬೋರ್ಡ್ ಬಿಚ್ಚಿದೊಡನೆ ಮೆಕ್ಯಾನಿಕ್ ನೋಡುವುದು ಕೆಪ್ಯಾಸಿಟರ್‌ಗಳ ನೆತ್ತಿಯನ್ನೇ. ಚಪ್ಪಟೆಯಿದ್ದರೆ ಒಳ್ಳೆಯದು, ಉಬ್ಬಿದ್ದರೆ ಬದಲಿಸಬೇಕು.

ಚಪ್ಪಟೆಯಿದ್ದೂ ಕೆಟ್ಟಿರುವ ಒಂದು ಸಣ್ಣ ಕೆಪ್ಯಾಸಿಟರ್ ಇದೆ, ಅದು ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುತ್ತದೆ. ಪವರ್ ಬೋರ್ಡ್‌ನ ಕಂಟ್ರೋಲ್ ಐಸಿಯ ಪಕ್ಕದಲ್ಲಿ ಕೂತು, ಸ್ವಿಚ್ ಹಾಕಿದ ಮೊದಲ ಕ್ಷಣದಲ್ಲಿ ಐಸಿಗೆ ಚಾಲನೆಯ ಶಕ್ತಿ ಕೊಡುವುದು ಅದರ ಕೆಲಸ. ಒಮ್ಮೆ ಶುರುವಾದರೆ ಬೋರ್ಡ್ ತನ್ನ ಬಲದಿಂದಲೇ ಓಡುತ್ತದೆ. ಆ ಕೆಪ್ಯಾಸಿಟರ್ ನಿಧಾನಕ್ಕೆ ಒಣಗುತ್ತಿದ್ದರೂ, ರಾತ್ರಿಯೂ ಪ್ಲಗ್ ಕೀಳದ ಮಾನಿಟರಿನಲ್ಲಿ ತಿಂಗಳುಗಟ್ಟಲೆ ಯಾರಿಗೂ ತಿಳಿಯುವುದಿಲ್ಲ. ಒಂದು ದಿನ ಕರೆಂಟು ಹೋಗಿ ಬರುತ್ತದೆ. ಮಾನಿಟರ್ ಮತ್ತೆ ಏಳುವುದಿಲ್ಲ. ಕರೆಂಟು ಬಂದಾಗ ಎಗರಿ ಸುಟ್ಟಿತು ಎಂದು ಎಲ್ಲರೂ ನಂಬುತ್ತಾರೆ. ಸುಟ್ಟದ್ದೇನೂ ಇಲ್ಲ. ಫ್ಯೂಸ್ ಗಟ್ಟಿಯಾಗಿದೆ, ದೊಡ್ಡ ಕೆಪ್ಯಾಸಿಟರಿನ ಮೇಲೆ 325 ವೋಲ್ಟ್ ಇದೆ, ಬೋರ್ಡಿನ ಔಟ್‌ಪುಟ್ ಬದಿಯಲ್ಲಿ ಸೊನ್ನೆ. ಮೀಟರಿನ ಈ ಎರಡು ಅಂಕಿಗಳು ಸಿಕ್ಕ ಮೆಕ್ಯಾನಿಕ್ ಹಿಂದಿನ ಅರ್ಧ ಬೋರ್ಡನ್ನು ಮರೆತು ಇಲ್ಲಿಗೇ ಬರಬಹುದು. ಚಳಿಗಾಲದ ಬೆಳಿಗ್ಗೆ ಹತ್ತಲು ಸತಾಯಿಸಿ, ಬಿಸಿಯಾದ ಮೇಲೆ ಸರಿಹೋಗುವ ಮಾನಿಟರ್‌ಗಳೂ ಒಣಗಿದ ಕೆಪ್ಯಾಸಿಟರಿನ ಕಡೆಗೇ ಬೆರಳು ತೋರಿಸುತ್ತವೆ. ಬಿಸಿಯಲ್ಲಿ ಅದರ ಒಳರೋಧ ಇಳಿಯುತ್ತದೆ.

ಬದಲಿಸಿದ ಮೇಲೆ ನೇರ ಗೋಡೆಗೆ ಹಾಕುವುದಿಲ್ಲ. ಟಿವಿ, ರೇಡಿಯೊ ಕಾಲದಿಂದ ಬಂದ ‘ಸೀರೀಸ್ ಬೋರ್ಡ್’ ಇಲ್ಲಿ ಬೇಕು: ಮಾನಿಟರಿಗೆ ಹೋಗುವ ಫೇಸ್ ತಂತಿಯ ನಡುವೆ 100 ವಾಟಿನ ತಂತು ಬಲ್ಬ್. ಬೋರ್ಡಿನಲ್ಲಿ ಇನ್ನೂ ಶಾರ್ಟ್ ಉಳಿದಿದ್ದರೆ ಬಲ್ಬ್ ಪೂರ್ತಿ ಉರಿಯುತ್ತದೆ, ಕರೆಂಟು 0.43 ಆಂಪಿಯರ್‌ಗಿಂತ ಮೇಲೇರಲಾರದು, ಹೊಸ ಬಿಡಿಭಾಗಗಳು ಉಳಿಯುತ್ತವೆ. ಬೋರ್ಡ್ ಸರಿಯಿದ್ದರೆ ಕೆಪ್ಯಾಸಿಟರ್ ತುಂಬುವ ಗಳಿಗೆಯಲ್ಲಿ ಬಲ್ಬ್ ಒಮ್ಮೆ ಮಿಂಚಿ ಮಂಕಾಗುತ್ತದೆ. ತಂಪಾದ ತಂತುವಿನ ರೋಧ ಕಾದ ತಂತುವಿನ ಹತ್ತನೇ ಒಂದು ಭಾಗದಷ್ಟೇ ಇರುವುದರಿಂದ ಸಣ್ಣ ಹೊರೆಗೆ ಅದು ಅಡ್ಡ ಬರುವುದಿಲ್ಲ. ಎಲ್‌ಇಡಿ ಬಲ್ಬಿನಿಂದ ಈ ಕೆಲಸ ಆಗದು.

ಇನ್ನು ನೀರು ಕುಡಿದ ಮಾನಿಟರ್. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಮುಧೋಳದ ಮನೆ ಅಂಗಡಿಗಳಿಗೆ ನುಗ್ಗಿದಾಗ, ಕೃಷ್ಣೆ ಜಮಖಂಡಿ ಕಡೆಯ ಹಳ್ಳಿಗಳನ್ನು ಆವರಿಸಿದಾಗ ಮುಳುಗಿದವುಗಳಲ್ಲಿ ಇಂಥ ಯಂತ್ರಗಳೂ ಇದ್ದವು. ನೆರೆ ಇಳಿದ ಮೇಲೆ ಹತ್ತುತ್ತದೆಯೋ ನೋಡೋಣ ಎಂದು ಪ್ಲಗ್ ಹಾಕುವ ಆ ಒಂದು ಗಳಿಗೆಯೇ ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುತ್ತದೆ. ಶುದ್ಧ ನೀರು ಕರೆಂಟನ್ನು ಹೆಚ್ಚು ಹರಿಯಗೊಡದು. ಹೊಳೆಯ ನೀರಿನ ಲವಣ, ಕೆಸರು ಹರಿಯಗೊಡುತ್ತವೆ. ವೋಲ್ಟೇಜ್ ಇದ್ದಾಗ ತಾಮ್ರದ ಗೆರೆಗಳು ವಿದ್ಯುದ್ವಿಭಜನೆಯಿಂದ ಕೆಲವೇ ಗಂಟೆಗಳಲ್ಲಿ ಸವೆಯುತ್ತವೆ, ವೋಲ್ಟೇಜ್ ಇಲ್ಲದಿದ್ದರೆ ಅದೇ ಸವೆತಕ್ಕೆ ಬಹಳ ದಿನ ಬೇಕು. ಬಲ್ಲವರಿಂದ ಬಿಚ್ಚಿಸಿ, ಬೋರ್ಡುಗಳನ್ನು ಮೊದಲು ಶುದ್ಧ ನೀರಿನಲ್ಲಿ, ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ತೊಳೆಸಿ, ನೆರಳಿನ ಗಾಳಿಯಲ್ಲಿ ದಿನಗಟ್ಟಲೆ ಒಣಗಿಸಬೇಕು. ಮೊದಲ ಸಲ ಕರೆಂಟು ಕೊಡುವುದು ಸೀರೀಸ್ ಬಲ್ಬಿನ ಮೂಲಕವೇ. ಪರದೆಯ ಗಾಜು ಮತ್ತು ಬೆಳಕು ಹರಡುವ ಹಾಳೆಗಳ ನಡುವೆ ಕೆಸರು ಇಳಿದಿದ್ದರೆ ಅದನ್ನು ಮೊದಲಿನಂತೆ ಮಾಡುವುದು ಬಹುಮಟ್ಟಿಗೆ ಅಸಾಧ್ಯ. ಆಗಲೂ ತೊಳೆದು ಒಣಗಿದ ಪವರ್ ಬೋರ್ಡ್, ಅದೇ ಮಾದರಿಯ ಇನ್ನೊಂದು ಮಾನಿಟರಿಗೆ ಆಗಿಬರುತ್ತದೆ. ಟ್ಯೂಬಿನ ಬೆಳಕಿನ ಹಳೆಯ ಮಾನಿಟರ್ ಆದರೆ ಒಳಗೆ ಕೆಲವು ಮಿಲಿಗ್ರಾಂ ಪಾದರಸ ಇರುತ್ತದೆ, ಅದನ್ನು ಒಡೆದು ತಿಪ್ಪೆಗೆ ಹಾಕದೆ ಇ-ತ್ಯಾಜ್ಯ ತೆಗೆದುಕೊಳ್ಳುವ ನೋಂದಾಯಿತ ಸಂಗ್ರಾಹಕರಿಗೇ ಕೊಡಬೇಕು.